ಹನ್ನೆರಡು ಕ್ಲಬ್‌ಗಳ ಅನೆಲ್ಕಾ: ‘ವ್ಯರ್ಥವಾದ ಪ್ರತಿಭೆ’ ಎನ್ನುವುದು ನ್ಯಾಯವೇ?

ಎಡಪಾರ್ಶ್ವ:

ಫ್ರಾನ್ಸಿನ ಫುಟ್‌ಬಾಲ್ ಆಟಗಾರ ನಿಕೊಲಾ ಅನೆಲ್ಕಾ ಅವರ ಮಾತು ಇಲ್ಲಿ ಯಾವಾಗ ಬಂದರೂ ಎರಡೇ ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ದೊಡ್ಡ ಪ್ರತಿಭೆ ಎಂಬುದು ಮೊದಲನೆಯದು. ಒಂದು ಕಡೆ ನಿಲ್ಲದೆ ಎಲ್ಲವನ್ನೂ ಕೈಯಾರೆ ಹಾಳುಮಾಡಿಕೊಂಡರು ಎಂಬುದು ಎರಡನೆಯದು. ಈ ಎರಡನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಅದಕ್ಕಾಗಿಯೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಪ್ಯಾರಿಸ್ ಸೇಂಟ್ ಜರ್ಮೇನ್, ಆರ್ಸೆನಲ್, ರಿಯಲ್ ಮ್ಯಾಡ್ರಿಡ್, ಮರಳಿ ಪ್ಯಾರಿಸ್, ಅಲ್ಲಿಂದ ಲೋನ್ ಮೇಲೆ (ತಾತ್ಕಾಲಿಕವಾಗಿ) ಲಿವರ್‌ಪೂಲ್, ಬಳಿಕ ಮ್ಯಾಂಚೆಸ್ಟರ್ ಸಿಟಿ, ಫೆನರ್‌ಬಾಚೆ, ಬೋಲ್ಟನ್, ಚೆಲ್ಸಿ, ಶಾಂಘೈ ಶೆನ್‌ಹುವಾ, ಯುವೆಂಟಸ್, ವೆಸ್ಟ್ ಬ್ರಾಮ್‌ವಿಚ್, ಕೊನೆಗೆ ನಮ್ಮ ಮುಂಬೈ ಸಿಟಿ: ಹನ್ನೆರಡು ಕ್ಲಬ್‌ಗಳು, ಏಳು ದೇಶಗಳು. ಪಟ್ಟಿಯನ್ನು ನೋಡಿದ ಕೂಡಲೇ ಇವರು ಎಲ್ಲಿಯೂ ನೆಲೆ ನಿಲ್ಲದವರು ಎಂಬ ತೀರ್ಮಾನಕ್ಕೆ ಬಂದುಬಿಡುವುದು ಸುಲಭ. ಆದರೆ ಈ ಪಟ್ಟಿಯಲ್ಲಿ ಆರು ಕ್ಲಬ್‌ಗಳು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನವು. ಆ ಆರರ ಪರವಾಗಿ ಅವರು ಗಳಿಸಿದ ಲೀಗ್ ಗೋಲುಗಳು 125. ಆರ್ಸೆನಲ್‌ನಲ್ಲಿ 23, ಲಿವರ್‌ಪೂಲ್‌ನಲ್ಲಿ 4, ಸಿಟಿಯಲ್ಲಿ 37, ಬೋಲ್ಟನ್‌ನಲ್ಲಿ 21, ಚೆಲ್ಸಿಯಲ್ಲಿ 38, ವೆಸ್ಟ್ ಬ್ರಾಮ್‌ವಿಚ್‌ನಲ್ಲಿ 2. ಒಂದೇ ತಂಡದಲ್ಲಿ, ಒಬ್ಬನೇ ಕೋಚ್‌ನ ನೆರಳಿನಲ್ಲಿ, ತನಗೆ ಪಾಸ್ ಕೊಡುವವರ ಅಭ್ಯಾಸಗಳನ್ನೆಲ್ಲ ಬಲ್ಲ ಆಟಗಾರ ನೂರು ಗೋಲು ದಾಟುವುದು ಒಂದು ಬಗೆ. ಎರಡು ಮೂರು ವರ್ಷಕ್ಕೊಮ್ಮೆ ಹೊಸ ತಂಡಕ್ಕೆ ಹೋಗಿ, ಹೊಸ ಮಿಡ್‌ಫೀಲ್ಡಿನ ಲಯವನ್ನು ಮೊದಲಿನಿಂದ ಕಲಿತು, ಅದರಲ್ಲಿಯೂ ಗೆಲುವಿಗಾಗಿ ಆಡುವ ತಂಡಕ್ಕೂ ಕೆಳಗಿನ ದರ್ಜೆಗೆ ಇಳಿಯದಿದ್ದರೆ ಸಾಕು ಎಂದು ಆಡುವ ತಂಡಕ್ಕೂ ಸಮನಾಗಿ ಹೊಂದಿಕೊಂಡು 125 ಗೋಲು ಗಳಿಸುವುದು ಇನ್ನೊಂದು ಬಗೆ. ನನ್ನ ದೃಷ್ಟಿಯಲ್ಲಿ ಎರಡನೆಯದೇ ಕಷ್ಟದ್ದು.

ಅವರ ಆಟವನ್ನು ಕಣ್ಣಾರೆ ಕಂಡವರಿಗೆ ನಾನು ಏನು ಹೇಳುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. 1998ರ ಎಫ್‌ಎ ಕಪ್ ಫೈನಲ್‌ನಲ್ಲಿ ನ್ಯೂಕಾಸಲ್ ವಿರುದ್ಧ ಗಳಿಸಿದ ಎರಡನೆಯ ಗೋಲನ್ನು ಮತ್ತೊಮ್ಮೆ ನೋಡಿ. ರೇ ಪಾರ್ಲರ್ ಅವರ ಪಾಸ್ ಬರುವುದಕ್ಕೆ ಮೊದಲೇ ಡಿಫೆಂಡರ್‌ಗಳ ನಡುವಿನ ಸಂದಿಗೆ ಓಟ ಶುರುವಾಗಿರುತ್ತದೆ. ಕಾಲನ್ನು ಹಿಂದಕ್ಕೆ ಎತ್ತಿ ಬೀಸುವ ಆಡಂಬರವಿಲ್ಲ. ಓಡುವ ಹೆಜ್ಜೆಯಲ್ಲಿಯೇ ಚೆಂಡನ್ನು ನೆಲಕ್ಕಂಟಿದಂತೆ ಗೋಲ್‌ಕೀಪರ್‌ನ ಆಚೆ ಮೂಲೆಗೆ ಹೊಡೆಯುತ್ತಾರೆ. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಆಸ್ಟಿನ್ ಟೌನ್ ನೋಡುಗ:

ಎಡಪಾರ್ಶ್ವ ಅವರೇ, ಅಂಕಿಗಳ ವಿಚಾರದಲ್ಲಿ ನನ್ನ ತಕರಾರಿಲ್ಲ. ಆದರೆ ನೀವು ಹೇಳಿದ ಆ ಹತ್ತೊಂಬತ್ತರ ಹುಡುಗನ ವಿಚಾರದಲ್ಲಿಯೇ ನನ್ನ ಆಕ್ಷೇಪವಿದೆ. 1997ರ ಫೆಬ್ರವರಿಯಲ್ಲಿ ಆರ್ಸೆನಲ್ ಕೋಚ್ ಆರ್ಸೆನ್ ವೆಂಗರ್ ಅವರು ಕೇವಲ 5 ಲಕ್ಷ ಪೌಂಡ್ ಕೊಟ್ಟು ಪ್ಯಾರಿಸಿನಿಂದ ಕರೆತಂದ ಹುಡುಗ ಅವರು. ಮುಂದಿನ ವರ್ಷವೇ ಲೀಗ್ ಮತ್ತು ಕಪ್ ಎರಡೂ ಕೈಗೆ ಬಂದವು. ಇಯಾನ್ ರೈಟ್ ಅವರಂಥವರು ತೆರವು ಮಾಡಿದ ಜಾಗ ಸಿಕ್ಕಿತು. 1998-99ರಲ್ಲಿ ಲೀಗಿನಲ್ಲಿ 17 ಗೋಲು, ಆಟಗಾರರ ಸಂಘದಿಂದ ವರ್ಷದ ಯುವ ಆಟಗಾರ ಪ್ರಶಸ್ತಿ. ಹಿಂದೆ ಡೆನಿಸ್ ಬರ್ಗ್‌ಕಾಂಪ್ ಪಾಸ್ ಕೊಡುತ್ತಿದ್ದರು, ಪಕ್ಕದಲ್ಲಿ ಮಾರ್ಕ್ ಓವರ್‌ಮಾರ್ಸ್ ಓಡುತ್ತಿದ್ದರು. ಮುನ್ಪಡೆಯ ಆಟಗಾರನೊಬ್ಬನಿಗೆ ಇದಕ್ಕಿಂತ ಒಳ್ಳೆಯ ಮನೆ ಯಾವುದು?

ಆ ಮನೆಯನ್ನು ಇಪ್ಪತ್ತನೆಯ ವಯಸ್ಸಿನಲ್ಲಿ ಬಿಟ್ಟು ಹೊರಟರು. ಏಜೆಂಟರಾಗಿದ್ದವರು ಅವರ ಅಣ್ಣಂದಿರೇ. ಬೇಸಿಗೆಯುದ್ದಕ್ಕೂ ಪತ್ರಿಕೆಗಳಲ್ಲಿ ಜಗಳ ನಡೆದು, ಕೊನೆಗೆ 2.2 ಕೋಟಿ ಪೌಂಡ್‌ಗೂ ಮಿಕ್ಕ ಹಣಕ್ಕೆ ಮ್ಯಾಡ್ರಿಡ್‌ಗೆ ಮಾರಾಟವಾಯಿತು. ಆ ಹಣದಿಂದ ವೆಂಗರ್ ಏನು ಮಾಡಿದರು ಎಂಬುದನ್ನು ನೆನಪಿಸಿಕೊಳ್ಳಿ: ಯುವೆಂಟಸ್‌ನಿಂದ ಥಿಯೆರಿ ಆನ್ರಿಯನ್ನು ತಂದರು, ಲಂಡನ್ ಕಾಲ್ನಿಯಲ್ಲಿ ಹೊಸ ತರಬೇತಿ ಕೇಂದ್ರ ಕಟ್ಟಿದರು. ಆನ್ರಿ ಅದೇ ಜಾಗದಲ್ಲಿ ನಿಂತು ಆರ್ಸೆನಲ್ ಪರ 228 ಗೋಲು ಗಳಿಸಿದರು. ಇಬ್ಬರೂ ಕ್ಲೇರ್‌ಫೊಂಟೇನ್ ಅಕಾಡೆಮಿಯಲ್ಲಿ ಕಲಿತವರು, ವಯಸ್ಸಿನಲ್ಲಿ ಎರಡು ವರ್ಷವೂ ಅಂತರವಿಲ್ಲದವರು. ಉಳಿದವರು ಏನಾದರು, ಹೊರಟವರು ಏನಾದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಇಲ್ಲಿ ಯಾವ ಕೋಚ್‌ನನ್ನೂ ದೂಷಿಸಲು ಸಾಧ್ಯವಿಲ್ಲ.

ರಾತ್ರಿಪಂದ್ಯ:

ಆನ್ರಿಯ ಜೊತೆಗಿನ ಹೋಲಿಕೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆದರೆ ಅದು ಮ್ಯಾಡ್ರಿಡ್‌ನ ಆ ಒಂದು ವರ್ಷವನ್ನು ಪೂರ್ತಿ ನುಂಗಿಹಾಕುತ್ತದೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸುತ್ತದೆ.

1999-2000ರ ಸ್ಪ್ಯಾನಿಷ್ ಲೀಗಿನಲ್ಲಿ ಅನೆಲ್ಕಾ ಗಳಿಸಿದ್ದು ಎರಡೇ ಗೋಲು. ಮಾರ್ಚ್ ತಿಂಗಳಲ್ಲಿ ಅಭ್ಯಾಸಕ್ಕೆ ಬರಲು ನಿರಾಕರಿಸಿದ್ದಕ್ಕೆ ಕ್ಲಬ್ 45 ದಿನಗಳ ಅಮಾನತು ಮತ್ತು ದಂಡ ವಿಧಿಸಿತು. ಬಹುಮಂದಿಯ ನೆನಪು ಇಲ್ಲಿಗೇ ನಿಲ್ಲುತ್ತದೆ. ಅದಾದ ಮೇಲೆ ನಡೆದದ್ದು ಹೀಗೆ: ಅವರು ತಂಡಕ್ಕೆ ಮರಳಿದರು, ಕೋಚ್ ವಿಸೆಂಟೆ ಡೆಲ್ ಬೊಸ್ಕೆ ಅನೆಲ್ಕಾರನ್ನು ಯುರೋಪಿನ ಕ್ಲಬ್‌ಗಳ ಅಗ್ರ ಸ್ಪರ್ಧೆಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್‌ಗೆ ಇಳಿಸಿದರು. ಎದುರಾಳಿ ಬಾಯರ್ನ್ ಮ್ಯೂನಿಕ್. ಮ್ಯಾಡ್ರಿಡ್‌ನ ಮೊದಲ ಪಂದ್ಯದ ನಾಲ್ಕನೆಯ ನಿಮಿಷದಲ್ಲಿಯೇ ಅನೆಲ್ಕಾ ಗೋಲು ಹೊಡೆದರು. ಪಂದ್ಯ 2-0 ಆಯಿತು. ಮ್ಯೂನಿಕ್‌ನ ಎರಡನೆಯ ಪಂದ್ಯದಲ್ಲಿ ಬಾಯರ್ನ್ ಬೇಗನೆ ಮುನ್ನಡೆ ಪಡೆದು, ಇನ್ನೊಂದು ಗೋಲು ಬಂದರೆ ಲೆಕ್ಕ ಸಮವಾಗುವ ಹೊತ್ತಿನಲ್ಲಿ, ಅನೆಲ್ಕಾ ಹೆಡರ್ ಮೂಲಕ ಚೆಂಡನ್ನು ಬಲೆಗೆ ಸೇರಿಸಿದರು. ಎದುರಾಳಿಯ ನೆಲದಲ್ಲಿ ಗಳಿಸಿದ ಗೋಲಿಗೆ ಹೆಚ್ಚಿನ ಬೆಲೆ ಇದ್ದ ಕಾಲ ಅದು. ಪಂದ್ಯವನ್ನು ಬಾಯರ್ನ್ 2-1ರಿಂದ ಗೆದ್ದರೂ ಒಟ್ಟು ಲೆಕ್ಕದಲ್ಲಿ ಮ್ಯಾಡ್ರಿಡ್ 3-2ರಿಂದ ಮುಂದೆ ಹೋಯಿತು. ಪ್ಯಾರಿಸ್ ಹೊರವಲಯದ ಸ್ಟಾಡ್ ಡಿ ಫ್ರಾನ್ಸ್‌ನಲ್ಲಿ ಮೇ 24ರಂದು ವೆಲೆನ್ಸಿಯಾವನ್ನು 3-0ರಿಂದ ಸೋಲಿಸಿದ ತಂಡದಲ್ಲಿ ಅವರು ಆರಂಭದಿಂದಲೇ ಇದ್ದರು. ಅದೇ ಮಹಾನಗರದ ಪಶ್ಚಿಮದಂಚಿನ ತ್ರಾಪ್ ಎಂಬ ಬಡಾವಣೆಯಲ್ಲಿ ಬೆಳೆದ ಹುಡುಗ, ಇಪ್ಪತ್ತೊಂದರ ಹರೆಯದಲ್ಲಿ ಯುರೋಪಿನ ಚಾಂಪಿಯನ್ ಆದ; ಕೆಲವೇ ವಾರಗಳಲ್ಲಿ ಫ್ರಾನ್ಸ್ ತಂಡದೊಂದಿಗೆ ಯೂರೊ 2000 ಕಪ್ಪನ್ನೂ ಗೆದ್ದ.

ಸೆಮಿಫೈನಲ್‌ನ ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದ ಆಟಗಾರನ ಒಂದು ವರ್ಷವನ್ನು ವ್ಯರ್ಥ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಲೀಗಿನಲ್ಲಿ ಅದು ಕೆಟ್ಟ ವರ್ಷವೇ ಹೌದು. ಆದರೆ ಕ್ಲಬ್‌ನ ಎಂಟನೆಯ ಯುರೋಪಿಯನ್ ಕಪ್‌ಗೆ ಅವರಿಲ್ಲದೆ ದಾರಿಯಿರಲಿಲ್ಲ.

ಎಡಪಾರ್ಶ್ವ:

ರಾತ್ರಿಪಂದ್ಯ ಅವರಿಗೆ ಧನ್ಯವಾದಗಳು. ಆಸ್ಟಿನ್ ಟೌನ್ ಅವರೇ, ಆರ್ಸೆನಲ್ ಬಿಟ್ಟದ್ದು ತಪ್ಪು ನಿರ್ಧಾರ ಎಂಬ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಂತರದ ಪ್ರತಿಯೊಂದು ವರ್ಗಾವಣೆಯನ್ನೂ ಅದೇ ಚೀಲಕ್ಕೆ ತುಂಬಬೇಡಿ ಎಂಬುದಷ್ಟೇ ನನ್ನ ವಿನಂತಿ. ಲಿವರ್‌ಪೂಲ್‌ನ ಉದಾಹರಣೆ ತೆಗೆದುಕೊಳ್ಳಿ. 2001ರ ಡಿಸೆಂಬರ್‌ನಲ್ಲಿ ಲೋನ್ ಮೇಲೆ ಬಂದರು, ತಂಡ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಏರಿತು, ಅವರು ಅಲ್ಲಿಯೇ ಉಳಿಯಲು ಬಯಸಿದ್ದರು. ಕೋಚ್ ಗೆರಾರ್ಡ್ ಉಲಿಯೆ ಅವರು ಅನೆಲ್ಕಾರನ್ನು ಕೊಳ್ಳದೆ ಸೆನೆಗಲ್‌ನ ಎಲ್ ಹಾಜಿ ಡಿಯೂಫ್ ಅವರನ್ನು ತಂದರು. ಹೀಗೆ ಇನ್ನೊಬ್ಬರು ತೆಗೆದುಕೊಂಡ ನಿರ್ಧಾರವೂ ‘ಊರೂರು ಅಲೆದ’ ಎಂಬ ಲೆಕ್ಕಕ್ಕೆ ಅವರ ಹೆಸರಿನಲ್ಲಿಯೇ ಜಮೆಯಾಗುತ್ತದೆ.

ಆಸ್ಟಿನ್ ಟೌನ್ ನೋಡುಗ:

ಲಿವರ್‌ಪೂಲ್‌ನ ಮಟ್ಟಿಗೆ ನಿಮ್ಮ ಮಾತು ಸರಿ. ಡಿಯೂಫ್ ಆ ತಂಡಕ್ಕೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ ಎಂಬುದು ಎಲ್ಲರಿಗೂ ತಿಳಿದೇ ಇದೆ.

ಹಣದ ದಾರಿಯನ್ನೂ ಒಮ್ಮೆ ನೋಡೋಣ, ಏಕೆಂದರೆ ಇಷ್ಟೊಂದು ಓಡಾಟದ ಹಿಂದೆ ಅದೂ ಇದೆ. ಪ್ಯಾರಿಸ್ ಅವರನ್ನು ಮರಳಿ ಕೊಂಡದ್ದು ಸುಮಾರು 2 ಕೋಟಿ ಪೌಂಡ್‌ಗೆ. 2002ರಲ್ಲಿ ಕೋಚ್ ಕೆವಿನ್ ಕೀಗನ್ ಅವರು ಆಗತಾನೆ ಮೇಲಿನ ದರ್ಜೆಗೆ ಏರಿದ್ದ ಮ್ಯಾಂಚೆಸ್ಟರ್ ಸಿಟಿಗೆ 1.3 ಕೋಟಿ ಕೊಟ್ಟು ತಂದರು. ಕ್ಲಬ್‌ನ ಮಟ್ಟಿಗೆ ಅದು ಆಗ ದಾಖಲೆ. 2005ರ ಜನವರಿಯಲ್ಲಿ ಫೆನರ್‌ಬಾಚೆ ಸುಮಾರು 70 ಲಕ್ಷ, 2006ರಲ್ಲಿ ಬೋಲ್ಟನ್ 80 ಲಕ್ಷ, 2008ರ ಜನವರಿಯಲ್ಲಿ ಚೆಲ್ಸಿ 1.5 ಕೋಟಿ. ಆರ್ಸೆನಲ್‌ನ ಆ 5 ಲಕ್ಷವನ್ನೂ ಮ್ಯಾಡ್ರಿಡ್‌ನ ಮೊತ್ತವನ್ನೂ ಸೇರಿಸಿದರೆ ಒಟ್ಟು 8.5 ಕೋಟಿ ಪೌಂಡ್ ದಾಟುತ್ತದೆ. ಆ ಕಾಲದಲ್ಲಿ ಒಬ್ಬನೇ ಆಟಗಾರನ ಮೇಲೆ ಕ್ಲಬ್‌ಗಳು ಒಟ್ಟಾರೆ ಸುರಿದ ಅತಿ ದೊಡ್ಡ ಮೊತ್ತಗಳಲ್ಲಿ ಇದೂ ಒಂದು. ಪ್ರತಿ ವರ್ಗಾವಣೆಯಲ್ಲಿಯೂ ಮಾರುವವರಿಗೆ, ಕೊಳ್ಳುವವರಿಗೆ, ನಡುವೆ ನಿಂತವರಿಗೆ ಲಾಭ ಕಾಣುತ್ತಿತ್ತು. ಆಟಗಾರನ ಚಂಚಲತೆಯೊಂದೇ ಇದನ್ನು ನಡೆಸಿತು ಎಂದು ನಾನೂ ಹೇಳುವುದಿಲ್ಲ.

ಅಂದಹಾಗೆ ಸಿಟಿಯ ಹಳೆಯ ಅಭಿಮಾನಿಗಳನ್ನು ಕೇಳಿದರೆ ಅವರು ಮರೆಯದೆ ಹೇಳುವ ಪಂದ್ಯವೊಂದಿದೆ. 2002ರ ನವೆಂಬರ್ 9ರಂದು ಸಿಟಿಯ ಹಳೆಯ ಮೇನ್ ರೋಡ್ ಅಂಗಣದಲ್ಲಿ ನಡೆದ ಕೊನೆಯ ಡರ್ಬಿ, ಅಂದರೆ ಒಂದೇ ನಗರದ ಎರಡು ತಂಡಗಳ ಪಂದ್ಯ. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಸಿಟಿಯ ಮೊದಲ ಗೋಲು ಅನೆಲ್ಕಾ ಅವರದು, ಮುಂದಿನ ಎರಡು ಶಾನ್ ಗೋಟರ್ ಅವರದು, ಫಲಿತಾಂಶ 3-1.

ರಾತ್ರಿಪಂದ್ಯ:

ಚೆಲ್ಸಿಯ ಕಾಲದ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಅಲ್ಲಿ ಅವರು ಸುಮಾರು ನಾಲ್ಕು ವರ್ಷ ಇದ್ದರು. ಎಲ್ಲ ಸ್ಪರ್ಧೆಗಳೂ ಸೇರಿ 184 ಪಂದ್ಯ, 59 ಗೋಲು. ಎಲ್ಲಿಯೂ ನಿಲ್ಲದವರು ಎಂಬ ಆರೋಪಕ್ಕೆ ಇದೇ ಉತ್ತರ ಎಂದು ನನಗನಿಸುತ್ತದೆ.

ಆರಂಭ ಮಾತ್ರ ಕ್ರೂರವಾಗಿತ್ತು. 2008ರ ಮೇ 21ರಂದು ಮಾಸ್ಕೋದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದ ಹೊತ್ತಿಗೆ ಬದಲಿ ಆಟಗಾರನಾಗಿ ಬಂದರು. ಪೆನಾಲ್ಟಿ ಸರದಿಯಲ್ಲಿ ಜಾನ್ ಟೆರ್ರಿ ಜಾರಿಬಿದ್ದದ್ದು ಎಲ್ಲರಿಗೂ ನೆನಪಿದೆ. ಆದರೆ ಕಪ್ ಕೈತಪ್ಪಿದ್ದು ಏಳನೆಯ ಒದೆತದಲ್ಲಿ. ಅನೆಲ್ಕಾ ಚೆಂಡಿನ ಮುಂದೆ ನಿಂತಾಗ ಯುನೈಟೆಡ್ ಗೋಲ್‌ಕೀಪರ್ ಎಡ್ವಿನ್ ವಾನ್ ಡೆರ್ ಸಾರ್ ತಮ್ಮ ಎಡಬದಿಗೆ ಕೈ ತೋರಿಸಿದರು, ಅಲ್ಲಿಗೇ ಹೊಡೆಯುತ್ತೀಯೆಂದು ನನಗೆ ಗೊತ್ತು ಎನ್ನುವ ಹಾಗೆ. ಚೆಲ್ಸಿ ಆಟಗಾರರು ಅಲ್ಲಿಯವರೆಗೆ ಹೆಚ್ಚಿನ ಒದೆತಗಳನ್ನು ಆ ಬದಿಗೇ ಹೊಡೆದಿದ್ದರು. ಅನೆಲ್ಕಾ ಇನ್ನೊಂದು ಬದಿಗೆ ಹೊಡೆದರು. ನೆಲಕ್ಕೂ ಅಲ್ಲ, ಮೇಲಕ್ಕೂ ಅಲ್ಲ, ಗೋಲ್‌ಕೀಪರ್‌ಗೆ ಅನುಕೂಲವಾದ ಎತ್ತರದಲ್ಲಿ. ವಾನ್ ಡೆರ್ ಸಾರ್ ಬಲಕ್ಕೆ ಜಿಗಿದು ತಡೆದರು.

ಹಾಗೆ ಸೋತ ಆಟಗಾರ ಮುಂದಿನ ಬೇಸಿಗೆಯಲ್ಲಿ ಬೇರೆ ಕ್ಲಬ್ ಹುಡುಕಿಕೊಂಡಿದ್ದರೆ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಅನೆಲ್ಕಾ ಉಳಿದರು. ಡಿಡಿಯೆ ದ್ರೋಗ್ಬಾ ಗಾಯದಿಂದ ಹೊರಗಿದ್ದ ತಿಂಗಳುಗಳಲ್ಲಿ ಲೂಯಿಜ್ ಫೆಲಿಪೆ ಸ್ಕೊಲಾರಿ ಅವರ ತಂಡದ ಮುನ್ಪಡೆಯನ್ನು ಒಬ್ಬರೇ ಹೊತ್ತರು. 2008-09ರ ಕೊನೆಯ ದಿನ ಸಂಡರ್‌ಲೆಂಡ್‌ನಲ್ಲಿ ಹೊಡೆದ ಗೋಲಿನೊಂದಿಗೆ ಅವರ ಲೆಕ್ಕ 19ಕ್ಕೆ ಏರಿತು; 18ರಲ್ಲಿ ನಿಂತ ಕ್ರಿಸ್ಟಿಯಾನೊ ರೊನಾಲ್ಡೊ ಅವರನ್ನು ಹಿಂದಿಕ್ಕಿ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಲ್ಲುವ ಗೋಲ್ಡನ್ ಬೂಟ್ ಪಡೆದರು. ಮುಂದಿನ ವರ್ಷ ಕಾರ್ಲೊ ಆಂಚೆಲೊಟ್ಟಿ ಕೋಚ್ ಆಗಿ ಬಂದಾಗ ಮುಖ್ಯ ಸ್ಥಾನ ದ್ರೋಗ್ಬಾ ಅವರದಾಯಿತು. ಅನೆಲ್ಕಾ ಬದಿಗೆ ಸರಿದು, ಹಿಂದೆ ಇಳಿದು, ಪಾಸ್ ಕೊಡುವ ಕೆಲಸವನ್ನು ಗೊಣಗದೆ ಮಾಡಿದರು. ದ್ರೋಗ್ಬಾ 29 ಗೋಲು ಹೊಡೆದರು, ಇವರು 11. ತಂಡ ಒಟ್ಟು 103 ಗೋಲು ಗಳಿಸಿ ಲೀಗ್ ಗೆದ್ದಿತು, ಎಫ್‌ಎ ಕಪ್ಪನ್ನೂ ಗೆದ್ದಿತು. ಸ್ವಾರ್ಥಿ ಎಂದು ಕರೆಯಲ್ಪಟ್ಟ ಆಟಗಾರನ ಈ ವರ್ಷವನ್ನು ನಾನು ಅವರ ಅತ್ಯುತ್ತಮ ವರ್ಷವೆಂದೇ ಪರಿಗಣಿಸುತ್ತೇನೆ, ಗೋಲ್ಡನ್ ಬೂಟ್‌ನ ವರ್ಷಕ್ಕಿಂತಲೂ ಮಿಗಿಲಾಗಿ.

ಎಡಪಾರ್ಶ್ವ:

ನೀವು ‘ಹಿಂದೆ ಇಳಿದು’ ಎಂದು ಬರೆದಿರಿ. ಅನೆಲ್ಕಾ ಅವರ ಇಡೀ ಕಥೆಯ ತಿರುಳು ಅಲ್ಲಿದೆ ಎಂಬುದು ನನ್ನ ನಂಬಿಕೆ. ವೇಗವನ್ನು ನೋಡಿದ ಕೋಚ್‌ಗಳೆಲ್ಲ ಅವರನ್ನು ತಂಡದ ತುತ್ತತುದಿಯಲ್ಲಿ, ಎದುರಾಳಿ ಡಿಫೆಂಡರ್‌ಗಳ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಲು ಬಯಸಿದರು. ಅವರಿಗೋ ಚೆಂಡು ಕಾಲಿಗೆ ಬರಬೇಕು, ಮಿಡ್‌ಫೀಲ್ಡ್‌ವರೆಗೆ ಬಂದು ಆಟ ಕಟ್ಟಬೇಕು. ಈ ಒಂದು ಭಿನ್ನಾಭಿಪ್ರಾಯವನ್ನು ಅರಿತವರ ಕೈಯಲ್ಲಿ ಅವರು ಅರಳಿದರು, ಅರಿಯದವರ ಕೈಯಲ್ಲಿ ಮುಖ ತಿರುಗಿಸಿದರು.

ದಕ್ಷಿಣ ಆಫ್ರಿಕಾದ 2010ರ ವಿಶ್ವಕಪ್‌ನಲ್ಲಿ ನಡೆದದ್ದೂ ಅದೇ. ಜೂನ್ 17ರಂದು ಪೊಲೊಕ್ವಾನೆಯಲ್ಲಿ ಮೆಕ್ಸಿಕೊ ವಿರುದ್ಧದ ಪಂದ್ಯದ ವಿರಾಮದಲ್ಲಿ, ಜಾಗ ಬಿಟ್ಟು ಹಿಂದೆ ಬರುತ್ತಿದ್ದಿ ಎಂದು ಕೋಚ್ ರೇಮೊಂ ಡೊಮೆನೆಕ್ ಆಕ್ಷೇಪಿಸಿದರು. ಡ್ರೆಸ್ಸಿಂಗ್ ಕೋಣೆಯಲ್ಲಿ ಮಾತಿಗೆ ಮಾತು ಬೆಳೆಯಿತು. ದ್ವಿತೀಯಾರ್ಧಕ್ಕೆ ಅವರ ಬದಲು ಜಿನ್ಯಾಕ್ ಇಳಿದರು, ಫ್ರಾನ್ಸ್ 0-2ರಿಂದ ಸೋತಿತು. ಎರಡು ದಿನಗಳ ಬಳಿಕ ಲೆಕಿಪ್ ಪತ್ರಿಕೆ ಅವರು ಆಡಿದರೆನ್ನಲಾದ ಬೈಗುಳವನ್ನು ಮುಖಪುಟದಲ್ಲಿಯೇ ಅಚ್ಚುಹಾಕಿತು. ಆ ಪದಗಳನ್ನು ತಾವು ಆಡಲಿಲ್ಲ ಎಂದು ಅನೆಲ್ಕಾ ಹೇಳಿದರು, ಕ್ಷಮೆ ಕೇಳಲಿಲ್ಲ, ಅವರನ್ನು ಮನೆಗೆ ಕಳುಹಿಸಲಾಯಿತು. ಮರುದಿನ ನೈಸ್ನಾದಲ್ಲಿ ಉಳಿದ ಆಟಗಾರರು ಅಭ್ಯಾಸವನ್ನು ಬಹಿಷ್ಕರಿಸಿ ಬಸ್ಸಿನಲ್ಲಿ ಕುಳಿತದ್ದನ್ನು ಜಗತ್ತೇ ನೋಡಿತು. ಫ್ರೆಂಚ್ ಒಕ್ಕೂಟ 18 ಅಂತರರಾಷ್ಟ್ರೀಯ ಪಂದ್ಯಗಳ ನಿಷೇಧ ಹೇರಿತು. ದೇಶಕ್ಕಾಗಿ ಅವರ ಲೆಕ್ಕ 69 ಪಂದ್ಯ, 14 ಗೋಲುಗಳಿಗೆ ನಿಂತಿತು. ಇಂಥ ಪ್ರತಿಭೆಗೆ ಇದು ಕಡಿಮೆಯೇ. 1998ರ ವಿಶ್ವಕಪ್‌ನ ಅಂತಿಮ 22 ಮಂದಿಯ ತಂಡದಿಂದ ಆಗಿನ ಕೋಚ್ ಎಮೆ ಜಾಕೆ ಕೈಬಿಟ್ಟದ್ದು, 2006ರಲ್ಲಿ ಡೊಮೆನೆಕ್ ಅವರೇ ಕೈಬಿಟ್ಟದ್ದು, ನಡುವೆ ತಾವಾಗಿಯೇ ತಂಡದ ಕರೆಯನ್ನು ನಿರಾಕರಿಸಿದ್ದು, ಎಲ್ಲವೂ ಸೇರಿ ಹೀಗಾಯಿತು.

ಆಸ್ಟಿನ್ ಟೌನ್ ನೋಡುಗ:

ತಂತ್ರದ ಭಿನ್ನಾಭಿಪ್ರಾಯ ಎಂಬ ನಿಮ್ಮ ವಾದದಲ್ಲಿ ಹುರುಳಿದೆ. ಆದರೆ ಅದು ಎಲ್ಲವನ್ನೂ ವಿವರಿಸುವುದಿಲ್ಲ. 2013ರ ಡಿಸೆಂಬರ್ 28ರಂದು ವೆಸ್ಟ್ ಹ್ಯಾಮ್ ವಿರುದ್ಧ ವೆಸ್ಟ್ ಬ್ರಾಮ್‌ವಿಚ್ ಪರ ಗೋಲು ಹೊಡೆದಾಗ ಅವರು ಮಾಡಿದ ಕೈಸನ್ನೆಯನ್ನು ಇಲ್ಲಿ ಬಿಟ್ಟುಬಿಡುವುದು ಸರಿಯಲ್ಲ. ಯೆಹೂದಿ ದ್ವೇಷದೊಂದಿಗೆ ತಳುಕು ಹಾಕಿಕೊಂಡಿದ್ದ ಸನ್ನೆ ಅದು. ಸ್ನೇಹಿತನಾದ ಹಾಸ್ಯಗಾರನಿಗೆ ಸಲ್ಲಿಸಿದ ಗೌರವ ಎಂದು ಅವರು ಸಮರ್ಥಿಸಿಕೊಂಡರು. ವಿಚಾರಣಾ ಸಮಿತಿ ಅವರನ್ನು ವೈಯಕ್ತಿಕವಾಗಿ ಯೆಹೂದಿ ದ್ವೇಷಿ ಎಂದು ಕರೆಯಲಿಲ್ಲ, ಆದರೆ ಸನ್ನೆಯ ಅರ್ಥಕ್ಕೆ ಅವರನ್ನೇ ಹೊಣೆ ಮಾಡಿ 5 ಪಂದ್ಯಗಳ ನಿಷೇಧ, 80,000 ಪೌಂಡ್ ದಂಡ ವಿಧಿಸಿತು. ಮಾರ್ಚ್‌ನಲ್ಲಿ ಸಾಮಾಜಿಕ ಜಾಲತಾಣದ ಮೂಲಕವೇ ಕ್ಲಬ್ ಬಿಡುವುದಾಗಿ ಪ್ರಕಟಿಸಿದರು; ಕ್ಲಬ್ ಅವರನ್ನು ವಜಾ ಮಾಡಿತು. ಅಂಗಣದಲ್ಲಿ ಲಕ್ಷಾಂತರ ಮಂದಿಯ ಕಣ್ಣೆದುರು ಮಾಡಿದ ಸನ್ನೆಯನ್ನು ಯಾವ ಕೋಚ್‌ನ ತಲೆಗೂ ಕಟ್ಟಲಾಗದು. ಇದರ ಹೊಣೆ ಅವರದೇ, ಮತ್ತು ನಾನು ಇದನ್ನು ಹಗುರವಾಗಿ ಕಾಣಲಾರೆ.

ಎಡಪಾರ್ಶ್ವ:

ಈ ವಿಚಾರದಲ್ಲಿ ನಮ್ಮಿಬ್ಬರ ನಡುವೆ ಭಿನ್ನಾಭಿಪ್ರಾಯವಿಲ್ಲ.

ನೆರೂಲ್ ನಿವಾಸಿ:

ಮುಂಬೈ ಕಡೆಯವನಾದ್ದರಿಂದ ಕೊನೆಯ ಅಧ್ಯಾಯವನ್ನು ನಾನು ಸೇರಿಸುತ್ತೇನೆ. ವೆಸ್ಟ್ ಬ್ರಾಮ್‌ವಿಚ್ ಪ್ರಕರಣದ ನಿಷೇಧ ಇಲ್ಲಿಗೂ ಹಿಂಬಾಲಿಸಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಮುಂಬೈ ಸಿಟಿಯ ಮೊದಲ ಮೂರು ಪಂದ್ಯಗಳಿಗೆ ಅವರು ಹೊರಗೇ ಕೂರಬೇಕಾಯಿತು. ಬಳಿಕ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಾನು ನೋಡಿದ ಅನೆಲ್ಕಾ ಬಹುಪಾಲು ನಡೆದಾಡುತ್ತಲೇ ಇದ್ದರು. ಎಡಪಾರ್ಶ್ವ ಅವರು ಹೇಳಿದ ಆ ಹಿಂದಿಳಿಯುವ ಅಭ್ಯಾಸ ಆಗ ಪೂರ್ತಿಯಾಗಿತ್ತು. ಮಧ್ಯವೃತ್ತದ ಹತ್ತಿರ ನಿಂತು, ಚೆಂಡು ಬರುವ ಮುನ್ನ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿ, ಮೊದಲ ಸ್ಪರ್ಶದಲ್ಲಿಯೇ ದಿಕ್ಕು ಬದಲಿಸಿ ಪಾಸ್ ಕಳುಹಿಸುತ್ತಿದ್ದರು. ಆ ಪಾಸ್‌ನ ಉದ್ದೇಶವನ್ನು ಊಹಿಸಿ ಓಡುವವರು ತಂಡದಲ್ಲಿ ಕಡಿಮೆ ಇದ್ದರು.

2015ರಲ್ಲಿ ಅವರೇ ಆಟಗಾರ, ಅವರೇ ಕೋಚ್. ಅಂಥದೇ ಜೋಡಿ ಹೊಣೆಯ ಅನುಭವ 2012ರಲ್ಲಿ ಶಾಂಘೈನಲ್ಲಿ ಜಾನ್ ಟಿಗಾನಾ ಅವರನ್ನು ತೆಗೆದ ಬಳಿಕ ಸ್ವಲ್ಪ ಕಾಲ ಆಗಿತ್ತು. ಇಲ್ಲಿ ತಂಡ ಒಮ್ಮೆ ಆಕಾಶಕ್ಕೇರಿ ಇನ್ನೊಮ್ಮೆ ಪಾತಾಳಕ್ಕಿಳಿಯಿತು: ನಾರ್ತ್ಈಸ್ಟ್ ಯುನೈಟೆಡ್ ವಿರುದ್ಧ 5-1ರ ಗೆಲುವು, ಗೋವಾ ವಿರುದ್ಧ 0-7ರ ಸೋಲು, ಎಂಟು ತಂಡಗಳಲ್ಲಿ ಆರನೆಯ ಸ್ಥಾನ.

ಪಶ್ಚಿಮದ ಗ್ಯಾಲರಿ:

ಆ 5-1ರ ಪಂದ್ಯ ಬೆಂಗಳೂರಿನವರಿಗೂ ಸಂಬಂಧಿಸಿದ್ದು. ನಮ್ಮ ಬೆಂಗಳೂರು ಎಫ್‌ಸಿ ಆಗ ಐ-ಲೀಗ್‌ನಲ್ಲಿ ಆಡುತ್ತಿತ್ತು. ಎರಡು ಲೀಗ್‌ಗಳ ಕಾಲ ಬೇರೆ ಬೇರೆ ಇದ್ದುದರಿಂದ ನಾಯಕ ಸುನಿಲ್ ಛೆಟ್ರಿ ಅವರು 2015ರ ಹರಾಜಿನಲ್ಲಿ 1.2 ಕೋಟಿ ರೂಪಾಯಿಗೆ ಮುಂಬೈ ಸಿಟಿಗೆ ಹೋದರು. ಅಕ್ಟೋಬರ್ 28ರಂದು ಅನೆಲ್ಕಾ ಅವರ ತಂಡದಲ್ಲಿ ಛೆಟ್ರಿ ಹೊಡೆದ ಮೂರು ಗೋಲುಗಳು ಇಂಡಿಯನ್ ಸೂಪರ್ ಲೀಗಿನಲ್ಲಿ ಭಾರತೀಯನೊಬ್ಬನ ಮೊದಲ ಹ್ಯಾಟ್ರಿಕ್. ಛೆಟ್ರಿಯವರೂ ಸುತ್ತಾಡಿದವರೇ: ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕಾನ್ಸಾಸ್ ಸಿಟಿ, ಪೋರ್ಚುಗಲ್‌ನ ಸ್ಪೋರ್ಟಿಂಗ್‌ನ ಎರಡನೆಯ ತಂಡ, ಚರ್ಚಿಲ್ ಬ್ರದರ್ಸ್. ಅವರನ್ನು ಯಾರೂ ಅಲೆಮಾರಿ ಎಂದು ಕರೆಯುವುದಿಲ್ಲ, ಏಕೆಂದರೆ ಕೊನೆಗೆ ಕಂಠೀರವದಲ್ಲಿ ನೆಲೆ ಸಿಕ್ಕಿತು.

ಒಂದು ಕೋರಿಕೆ: ನನ್ನ ತಮ್ಮನಿಗೆ ಅನೆಲ್ಕಾ ಆಟವನ್ನು ತೋರಿಸಬೇಕು. ಮುಖ್ಯಾಂಶಗಳ ತುಣುಕುಗಳನ್ನಲ್ಲ, ಪೂರ್ತಿ ಪಂದ್ಯಗಳನ್ನು. ಎಲ್ಲಿಂದ ಆರಂಭಿಸಲಿ?

ರಾತ್ರಿಪಂದ್ಯ:

1999ರ ಫೆಬ್ರವರಿ 10ರಂದು ವೆಂಬ್ಲಿಯಲ್ಲಿ ನಡೆದ ಇಂಗ್ಲೆಂಡ್–ಫ್ರಾನ್ಸ್ ಪಂದ್ಯದಿಂದ ಆರಂಭಿಸಿ. ಫ್ರಾನ್ಸಿನ 2-0ರ ಆ ಗೆಲುವಿನ ಎರಡೂ ಗೋಲುಗಳು ಅನೆಲ್ಕಾ ಅವರವು. ಜಿನೆದಿನ್ ಜಿದಾನ್ ತಲೆ ಎತ್ತಿದ ಕ್ಷಣವೇ ಇವರ ಓಟ ಹೇಗೆ ಶುರುವಾಗುತ್ತದೆ ಎಂಬುದನ್ನು ಗಮನಿಸಲು ಹೇಳಿ. ಅದಾದ ಮೇಲೆ ಮ್ಯೂನಿಕ್‌ನ ಸೆಮಿಫೈನಲ್.

ಎಡಪಾರ್ಶ್ವ:

ಅವೆರಡರ ಜೊತೆಗೆ 2010ರ ಮೇ 9ರಂದು ಚೆಲ್ಸಿ ವಿಗನ್ ತಂಡವನ್ನು 8-0ರಿಂದ ಸೋಲಿಸಿ ಲೀಗ್ ಗೆದ್ದ ಪಂದ್ಯವನ್ನೂ ತೋರಿಸಿ. ಮೊದಲ ಗೋಲು ಆರನೆಯ ನಿಮಿಷದಲ್ಲಿ ಅನೆಲ್ಕಾ ಅವರದು, ದ್ವಿತೀಯಾರ್ಧದಲ್ಲಿ ಇನ್ನೊಂದು. ಗೋಲುಗಳಿಗಿಂತ ಹೆಚ್ಚಾಗಿ, ಚೆಂಡು ಇಲ್ಲದಾಗ ಅವರು ಎಲ್ಲಿ ನಿಲ್ಲುತ್ತಾರೆ, ದ್ರೋಗ್ಬಾ ಅವರಿಗೆ ಜಾಗ ಬಿಡಿಸಲು ಡಿಫೆಂಡರ್‌ನನ್ನು ಎತ್ತ ಎಳೆದೊಯ್ಯುತ್ತಾರೆ ಎಂಬುದನ್ನು ನೋಡಲಿ. ವೆಂಬ್ಲಿಯ ಅನೆಲ್ಕಾ ಜೊತೆಗೆ ಇವರನ್ನು ಹೋಲಿಸಿ ಏನನಿಸಿತು ಎಂಬುದನ್ನು ನಿಮ್ಮ ತಮ್ಮನೇ ಇಲ್ಲಿ ಬಂದು ಬರೆದರೆ ಸಂತೋಷ.